ಕೋಚ್ ಕೊಟ್ಟ ಮಾತ್ರೆ

ಮಂಗಳೂರಿನ ಮಂಗಳಾ ಸ್ಟೇಡಿಯಂಗೆ ಬೆಳಗ್ಗೆ ಒಮ್ಮೆ ಹೋಗಿ ನೋಡಿ. ಓಡಿ ಸುಸ್ತಾದ ಮಕ್ಕಳು ಕೋಚ್ ಚಾಚಿದ ಬಾಟಲಿ ತಗೊಂಡು ಗಟಗಟ ಕುಡೀತಾರೆ. ಅದರಲ್ಲೇನಿದೆ ಸರ್ ಅಂತ ಯಾರೂ ಕೇಳಲ್ಲ. ಕೇಳಬೇಕು ಅಂತ ಗ್ಯಾಲರಿಯಲ್ಲಿ ಕೂತ ಅಪ್ಪ-ಅಮ್ಮನಿಗೂ ಅನಿಸಲ್ಲ. ಆ ದೃಶ್ಯ ಕಂಡಾಗಲೆಲ್ಲ ನನಗೆ ನೆನಪಾಗೋದು ಇದೇ ಕರಾವಳಿಯ ಅಶ್ವಿನಿ ಅಕ್ಕುಂಜಿ.

ಕುಂದಾಪುರ ಕಡೆಯ ಸಿದ್ದಾಪುರದ ಕೃಷಿಕ ಕುಟುಂಬದ ಹುಡುಗಿ. 2010ರ ಅಕ್ಟೋಬರ್ 12, ದೆಹಲಿ ಕಾಮನ್‌ವೆಲ್ತ್ ಕೂಟದ 4x400 ಮೀಟರ್ ರಿಲೇ. ಮಂಜೀತ್ ಕೌರ್, ಸಿನಿ ಜೋಸ್ ಓಡಿದ ಮೇಲೆ ಬ್ಯಾಟನ್ ಅಶ್ವಿನಿ ಕೈಗೆ ಬಂತು. ನೈಜೀರಿಯಾದ ಓಟಗಾರ್ತಿಯನ್ನು ಹಿಂದೆ ಹಾಕಿ, ಕೊನೆಯ ಸುತ್ತಿಗೆ ನಿಂತಿದ್ದ ಮಂದೀಪ್ ಕೌರ್‌ಗೆ ಮುನ್ನಡೆಯನ್ನೇ ಒಪ್ಪಿಸಿದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ನಂತರ ಕಾಮನ್‌ವೆಲ್ತ್ ಟ್ರ್ಯಾಕ್‌ನಲ್ಲಿ ನಮಗೆ ಬಂದ ಮೊದಲ ಚಿನ್ನ ಅದು. ಮರುತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇಯಲ್ಲಿ ಇನ್ನೊಂದು. ಇವರನ್ನು ತಯಾರು ಮಾಡಿದ ಕೋಚ್ ಉಕ್ರೇನಿನ ಯೂರಿ ಒಗೊರೊಡ್ನಿಕ್.

ಒಂದು ವರ್ಷ ತುಂಬುವ ಮೊದಲೇ ಎಲ್ಲವೂ ಕುಸಿಯಿತು. 2011ರಲ್ಲಿ ಅಶ್ವಿನಿ ಸೇರಿ ಆರು ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಚೀನಾದಿಂದ ತಂದ ಜಿನ್ಸೆಂಗ್ ಮಾತ್ರೆ ನುಂಗಿದ್ದೆವು, ಅದರಲ್ಲೇ ಬೆರೆತಿರಬೇಕು ಎಂದರು. ಜಿನ್ಸೆಂಗ್ ಅಂದ್ರೆ ಒಂದು ಬೇರು, ಅದಕ್ಕೆ ನಿಷೇಧವಿಲ್ಲ. ತಪ್ಪು ಮಾಡಿಲ್ಲ ಎಂದರು ಒಗೊರೊಡ್ನಿಕ್. ಸರ್ಕಾರ ಅವರನ್ನು ಮನೆಗೆ ಕಳಿಸಿತು. ಡಿಸೆಂಬರ್‌ನಲ್ಲಿ ನಮ್ಮ ಶಿಸ್ತು ಸಮಿತಿ ಹುಡುಗಿಯರಿಗೆ ಒಂದು ವರ್ಷ ನಿಷೇಧ ಹೇರಿತು. 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸ್ ಹೊಸ್ತಿಲಲ್ಲಿ, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಕೋಚ್ ಮೇಲೆ ನಂಬಿಕೆ ಇಟ್ಟಿದ್ದೆವು ಅನ್ನೋದು ಅಲ್ಲಿ ಸಾಕಾಗಲಿಲ್ಲ.

ನಿಯಮವೇ ಹಾಗಿದೆ: ನಿನ್ನ ದೇಹದಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ. ಇದಕ್ಕೆ ಕಾರಣವೂ ಇದೆ, ಇಲ್ಲದಿದ್ದರೆ ಮದ್ದು ತಿಂದವರೆಲ್ಲ ಕೋಚ್ ಕಡೆ ಬೆರಳು ತೋರಿಸಿ ಪಾರಾಗಿಬಿಡ್ತಾರೆ. ಆದರೆ ಇಂಜಿನಿಯರಿಂಗ್ ಓದಿದವನು ನಾನು. ಸೇತುವೆ ಕುಸಿದರೆ ಅದರ ಮೇಲೆ ನಡೀತಿದ್ದವರನ್ನಷ್ಟೇ ವಿಚಾರಿಸಿ ಫೈಲ್ ಮುಚ್ಚಲ್ಲ. ಶಿಬಿರದಲ್ಲಿ ಏನು ತಿನ್ನಬೇಕು, ಎಷ್ಟೊತ್ತಿಗೆ ಮಲಗಬೇಕು, ಎಲ್ಲವನ್ನೂ ಕೋಚ್ ಹೇಳಿದಂತೆ ಕೇಳು ಅಂತ ಕಲಿಸಿದ್ದು ಯಾರು? ನಾವೇ ಅಲ್ವಾ?

ಹೆಸರುಗಳನ್ನೇ ನೋಡಿ. ಕೇಂದ್ರ ಸರ್ಕಾರ 1985ರಿಂದ ಕೋಚ್‌ಗಳಿಗೆ ಕೊಡುವ ಪ್ರಶಸ್ತಿ ದ್ರೋಣಾಚಾರ್ಯ. ನಮ್ಮ ರಾಜ್ಯ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿ ಏಕಲವ್ಯ. ಹೆಬ್ಬೆರಳು ಕೇಳಿದವನ ಹೆಸರು ಕೋಚ್‌ಗೆ, ಕೊಯ್ದು ಕೊಟ್ಟವನ ಹೆಸರು ಆಟಗಾರನಿಗೆ! ಯಾರಾದ್ರೂ ಯೋಚಿಸಿ ಇಟ್ಟರೋ, ಯೋಚಿಸದೆ ಇಟ್ಟರೋ.

ಅಶ್ವಿನಿ ನಿಷೇಧ ಮುಗಿಸಿ ಮತ್ತೆ ಟ್ರ್ಯಾಕ್‌ಗೆ ಬಂದರು. ಒಗೊರೊಡ್ನಿಕ್ ಅವರೂ ಕೆಲ ವರ್ಷಗಳ ನಂತರ ಭಾರತದ ಕೋಚ್ ಆಗಿಯೇ ಮರಳಿದರು. ಲಂಡನ್ ಮಾತ್ರ ಹೋಗೇ ಹೋಯ್ತು.

ಮೊನ್ನೆ ಮಂಗಳಾ ಸ್ಟೇಡಿಯಂನಲ್ಲಿ ಒಬ್ಬ ಅಪ್ಪನಿಗೆ ಈ ಕಥೆ ಹೇಳಿ, ಮಗಳಿಗೆ ಕೊಡೋ ಪುಡಿ ಯಾವುದು ಅಂತ ಒಮ್ಮೆ ಕೇಳಿ ನೋಡಿ ಅಂದೆ. ಅವರು ಟ್ರ್ಯಾಕ್ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: "ಕೇಳಬಹುದು ಮಾರಾಯ್ರೆ. ನಾಳೆ ಅವಳನ್ನು ಟೀಮಿಗೆ ತಗೊಳ್ಳದಿದ್ರೆ?"