ದೊಡ್ಡಬೆಟ್ಟದ ತಪ್ಪಲಿನ ಹಿತ್ತಿಲುಗಳು

ಮುಂಬಯಿಯ ಪೇಟೆಯಲ್ಲಿ ಬಟಾಟೆ ಎಂದು ಕೇಳಿ ತಂದರೂ, ದಿಲ್ಲಿಯಲ್ಲಿ ಆಲೂ ಎಂದು ಕೇಳಿ ತಂದರೂ, ಅಡಿಗೆಮನೆಗೆ ಬಂದ ಮೇಲೆ ಅದು ನಮಗೆ ಆಲೂಗಡ್ಡೆಯೇ. ಎಲೆಕೋಸು, ಗಜ್ಜರಿ, ಬೀಟ್‌ರೂಟುಗಳೂ ಹೀಗೆಯೇ ಹೊರಗಿನಿಂದ ಬಂದು ನಮ್ಮವಾದವು. ದಕ್ಷಿಣ ಭಾರತದಲ್ಲಿ ಇವು ನೆಲೆಯೂರಿದ ಚರಿತ್ರೆಯಲ್ಲಿ ನೀಲಗಿರಿಯ ಹಿತ್ತಿಲುಗಳ ಪಾತ್ರ ದೊಡ್ಡದು. ಈ ಚರಿತ್ರೆಯನ್ನು ಒಬ್ಬ ಇಂಗ್ಲಿಷ್ ಕಲೆಕ್ಟರನ ಸಾಹಸವಾಗಿ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವ ಒಂದು ಜನದ ಪಾಲೂ ಇದೆ. ಅದನ್ನು ನಾವಾದರೂ ನೆನೆಯಬೇಕು.

ಆ ಜನ ಬಡಗರು. ಹೆಸರೇ ಹೇಳುವಂತೆ ಇವರು ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ, ಬೆಟ್ಟ ಹತ್ತಿದವರು. ವಿಜಯನಗರ ಬಿದ್ದ ಮೇಲಿನ ಗೊಂದಲದ ಕಾಲದಲ್ಲಿ ಇವರು ವಲಸೆ ಬಂದರೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1603ರಲ್ಲಿ ಮಲಬಾರಿನಿಂದ ಬೆಟ್ಟ ಹತ್ತಿದ ಫೆನಿಚಿಯೊ ಎಂಬ ಜೆಸ್ಯುಟ್ ಪಾದ್ರಿ ಬಡಗರನ್ನು ಅಲ್ಲಿ ಕಂಡಿದ್ದನು. ಅವರ ನುಡಿ ಕನ್ನಡದ ಉಪಭಾಷೆಯೋ, ಬೇರೆ ಭಾಷೆಯೋ ಎಂಬ ಚರ್ಚೆ ಪಂಡಿತರಿಗಿರಲಿ. ಆ ಬೆಟ್ಟಗಳ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ. ಬಡಗರ ಊರಿನ ಹೆಸರು ಹಟ್ಟಿ. ಈ ಮಾತುಗಳಿಗೆ ನಮಗೆ ನಿಘಂಟು ಬೇಕಿಲ್ಲ.

ಬಯಲುಸೀಮೆಯ ರೈತನೊಬ್ಬ ಇಷ್ಟು ಎತ್ತರಕ್ಕೆ ಬಂದಾಗ ಏನಾಗುತ್ತದೆ? ಒಂದು ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಉದಕಮಂಡಲ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಹಗಲಿನ ಬಿಸಿಲು ಚುರುಕು, ಆದರೆ ಚಳಿಗಾಲದಲ್ಲಿ ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣನೆಯ ಗಾಳಿ ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬೆಳಗಾಗುವಾಗ ತಗ್ಗಿನ ಹುಲ್ಲೆಲ್ಲ ಬಿಳಿ, ಎಳೆಯ ಗಿಡಗಳೆಲ್ಲ ಸುಟ್ಟಂತೆ ಕಪ್ಪು. ಅದೇ ರಾತ್ರಿ ಪಕ್ಕದ ಇಳಿಜಾರಿನಲ್ಲಿ ಗಿಡ ಉಳಿದಿರಬಹುದು. ಬಡಗರ ಹಟ್ಟಿಗಳು ಸಾಮಾನ್ಯವಾಗಿ ತಗ್ಗನ್ನು ಬಿಟ್ಟು ಏರಿನಲ್ಲಿವೆ. ಸಾಲು ಮನೆಗಳು, ಹತ್ತಿರದಲ್ಲೇ ದನಗಳು, ಸಗಣಿ ಗೊಬ್ಬರ ಉಂಡ ನೆಲ. ಊರಿನಿಂದ ದೂರದಲ್ಲಿ ಸಾಮೆ, ಕೊರಲೆಗಳ ಹೊಲ. ಬಡಗರು ಧಾನ್ಯ ಕೊಟ್ಟು, ತೋಡರಿಂದ ತುಪ್ಪವನ್ನೂ, ಕೋತರಿಂದ ಮಡಕೆ ಮತ್ತು ಕಬ್ಬಿಣದ ಹತಾರಗಳನ್ನೂ ಪಡೆಯುತ್ತಿದ್ದರು. ಮೊದಲ ಬಿತ್ತನೆಯ ಶಾಸ್ತ್ರಕ್ಕೆ ಕುರುಂಬರು ಬರಬೇಕಿತ್ತು. ಒಟ್ಟಿನಲ್ಲಿ, ಸಾಹೇಬರು ಬರುವ ಮೊದಲೇ ಅಲ್ಲೊಂದು ಬೇಸಾಯದ ಅರಿವು ಇತ್ತು.

ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದನು. ಕೋತಗಿರಿಯ ಬಳಿ ಮೊದಲ ಬಂಗಲೆ ಕಟ್ಟಿಸಿದನು. ಆಮೇಲೆ ಉದಕಮಂಡಲದಲ್ಲಿ ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ನೆಲ ಕೊಂಡು, 1822ರಲ್ಲಿ ಕಲ್ಲು ಬಂಗಲೆಯ ಕೆಲಸ ಆರಂಭಿಸಿದನು. ಇದೇ ಸಲಿವನ್, ಈ ನೆಲ ತೋಡರದೇ ಎಂದು ಸರ್ಕಾರದೊಡನೆ ವಾದಿಸಿದವನೂ ಹೌದು. ತನ್ನ ದೇಶದ ತೋಟಗಾರನೊಬ್ಬನನ್ನು ಇಟ್ಟುಕೊಂಡು ಆಲೂಗಡ್ಡೆ, ಕೋಸು, ಸೇಬು, ಪೀಚ್, ಸ್ಟ್ರಾಬೆರಿಗಳನ್ನು ತನ್ನ ಹಿತ್ತಿಲಿನಲ್ಲಿ ಪರೀಕ್ಷಿಸಿದನು. ತಂಪು ರಾತ್ರಿಯಿದ್ದರೆ ಮಾತ್ರ ಆಲೂಗಿಡ ನೆಲದೊಳಗೆ ಚೆನ್ನಾಗಿ ಗಡ್ಡೆ ಕಟ್ಟುತ್ತದೆ. ಬಯಲಿನಲ್ಲಿ ಅದಕ್ಕೆ ಚಳಿಗಾಲವೇ ಬೇಕು. ಬೆಟ್ಟದಲ್ಲಿ ಬೇಸಗೆಯೂ ಸಾಕು. ಈ ಒಂದು ಕಾರಣದಿಂದಲೇ ಸಲಿವನ್ನನ ಹಿತ್ತಿಲಿನ ಪ್ರಯೋಗಕ್ಕೆ ಮುಂದೆ ಇಡೀ ಬೆಟ್ಟ ಹೊಲವಾಯಿತು.

ಉದಕಮಂಡಲಕ್ಕೆ ಹೋದವರೆಲ್ಲ ನೋಡುವ ಸಸ್ಯೋದ್ಯಾನದ ಮೂಲವೂ ಕಾಯಿಪಲ್ಯವೇ. 1845ರ ಸುಮಾರಿಗೆ ಅಲ್ಲಿನ ಯೂರೋಪಿಯನ್ನರು ತಿಂಗಳಿಗೆ ಮೂರು ರೂಪಾಯಿ ಚಂದಾ ಹಾಕಿ, ಮನೆಮನೆಗೆ ತರಕಾರಿ ಒದಗಿಸಲು ಒಂದು ತೋಟ ನಡೆಸಿದರು. ಅದು ನಿಲ್ಲಲಿಲ್ಲ. ಬಳಿಕ ಸಾರ್ವಜನಿಕ ಉದ್ಯಾನದ ಯೋಚನೆ ಬಂದು, 1848ರಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ಡಬ್ಲ್ಯು. ಜಿ. ಮೆಕೈವರ್ ಎಂಬಾತನನ್ನು ಕರೆಸಿದರು. ಇಳಿಜಾರನ್ನು ಹಂತಹಂತವಾಗಿ ತಿದ್ದಿ ಈಗಿನ ಉದ್ಯಾನಕ್ಕೆ ರೂಪ ಕೊಟ್ಟವನು ಅವನೇ. ಹೊಟ್ಟೆಗಾಗಿ ತೊಡಗಿದ್ದು ಕಣ್ಣಿಗೆ ಹಬ್ಬವಾಯಿತೆನ್ನಬೇಕು.

ಆದರೆ ಒಬ್ಬ ಅಧಿಕಾರಿಯ ಹಿತ್ತಿಲಾಗಲಿ, ಒಂದು ಉದ್ಯಾನವಾಗಲಿ ನಾಡಿಗೆ ತರಕಾರಿ ಉಣಿಸಲಾರದು. ಆ ಕೆಲಸ ಮಾಡಿದವರು ಹಟ್ಟಿಯ ರೈತರು. ಬಡಗರು ಹೊಸ ಗಡ್ಡೆಯನ್ನು ಬೇಗನೆ ಕೈಗೆ ತೆಗೆದುಕೊಂಡರು. ಯಾವ ಇಳಿಜಾರಿನಲ್ಲಿ ಮಂಜು ಸುಡುವುದಿಲ್ಲ, ಯಾವ ಮಳೆಗೆ ಮುಂಚೆ ನೆಡಬೇಕು ಎಂಬ ಹಳೆಯ ಅರಿವು ಇಲ್ಲಿ ನೆರವಾಯಿತು. ಮುಂಗಾರು, ಹಿಂಗಾರು ಎರಡೂ ಸುರಿಯುವ ಬೆಟ್ಟವಾದ್ದರಿಂದ, ನೀರಾವರಿಯ ಬೆಳೆಯನ್ನೂ ಸೇರಿಸಿ ವರ್ಷಕ್ಕೆ ಮೂರು ಹಂಗಾಮುಗಳಲ್ಲಿ ಆಲೂಗಡ್ಡೆ ಬೆಳೆಯತೊಡಗಿದರು. ಕೈಗೆ ಹಣ ಬಂತು. ಮಕ್ಕಳು ಶಾಲೆಗೆ ಹೋದರು. ಸಾಮೆ, ಕೊರಲೆಗಳ ಹೊಲ ಮಾತ್ರ ಕುಗ್ಗುತ್ತ ಹೋಯಿತು.

ಇದಕ್ಕೆ ಬೆಲೆ ತೆರಬೇಕಾಯಿತು. 1961ರಲ್ಲಿ ನೀಲಗಿರಿಯ ಮಣ್ಣಿನಲ್ಲಿ ಆಲೂಗಡ್ಡೆಯ ಬೇರು ಹೀರುವ ಹೊಂಬಣ್ಣದ ಕೋಶದ ಜಂತುಹುಳು ಪತ್ತೆಯಾಯಿತು. ಕಣ್ಣಿಗೆ ಸಾಸಿವೆಗಿಂತ ಸಣ್ಣದಾಗಿ ಕಾಣುವ ಅದರ ಕೋಶದೊಳಗೆ ನೂರಾರು ಮೊಟ್ಟೆಗಳು ಹತ್ತಾರು ವರ್ಷ ಜೀವ ಹಿಡಿದಿರಬಲ್ಲವು. ಒಂದೇ ನೆಲದಲ್ಲಿ ಮತ್ತೆ ಮತ್ತೆ ಅದೇ ಗಡ್ಡೆ ನೆಟ್ಟರೆ ಅದಕ್ಕೆ ಔತಣ ಬಡಿಸಿದಂತೆ. ಬೆಟ್ಟದ ಬಿತ್ತನೆ ಗಡ್ಡೆಯನ್ನು ಹೊರಗೆ ಕಳುಹಿಸುವುದಕ್ಕೆ ನಿರ್ಬಂಧ ಬಂತು. ಹುಳುವನ್ನು ತಡೆಯಬಲ್ಲ ಕುಫ್ರಿ ಸ್ವರ್ಣ ಎಂಬ ತಳಿಯನ್ನು ವಿಜ್ಞಾನಿಗಳು 1980ರ ದಶಕದಲ್ಲಿ ಕೊಟ್ಟರು. ಅದರೊಡನೆ ಅವರು ಹೇಳಿದ ಇನ್ನೊಂದು ಉಪಾಯವೆಂದರೆ ಬೆಳೆ ಬದಲಿಸುವುದು: ಆಲೂಗಡ್ಡೆಯ ನಂತರ ಗಜ್ಜರಿ, ಕೋಸು, ಹುರುಳಿಕಾಯಿ. ಒಂದು ನೆಲ, ಹಲವು ಬೆಳೆ ಎಂಬುದು ಹಳೆಯ ಹಟ್ಟಿಗೆ ಹೊಸ ಪಾಠವೇನಲ್ಲ. ಅಷ್ಟರಲ್ಲಿ ಅನೇಕರು ಚಹಾ ಗಿಡದ ಕಡೆ ತಿರುಗಿದ್ದರು. ಕಳೆದ ಶತಮಾನದ ಕೊನೆಗೆ ಚಹಾ ಸೊಪ್ಪಿನ ಬೆಲೆ ಕುಸಿದಾಗ ಒಂದನ್ನೇ ನಂಬಿದ ಕಷ್ಟ ಅವರಿಗೆ ಮತ್ತೊಮ್ಮೆ ಎದುರಾಯಿತು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಬಡಗರ ಈ ಕಥೆ ಪರಕೀಯವೆನಿಸದು. ಅವರು ನುಡಿಯನ್ನೂ ಧಾನ್ಯವನ್ನೂ ಹೊತ್ತು ತಂದರು. ಚಳಿಯ ಸ್ವಭಾವವನ್ನು ಅಲ್ಲಿಯೇ ಕಲಿತರು. ಪರದೇಶದ ಗಡ್ಡೆಯನ್ನು ತಮ್ಮದಾಗಿಸಿಕೊಂಡರು. ಇಷ್ಟೆಲ್ಲ ಬದಲಾದರೂ ಊರು ಹಟ್ಟಿಯಾಗಿಯೇ ಉಳಿಯಿತು. ಮೇ ತಿಂಗಳ ಪುಷ್ಪ ಪ್ರದರ್ಶನಕ್ಕೆಂದು ಉದಕಮಂಡಲಕ್ಕೆ ಹೋಗುವ ನಮ್ಮ ಕುಟುಂಬಗಳು, ಉದ್ಯಾನದ ಹೂಗಳನ್ನು ಕಂಡಾದ ಮೇಲೆ, ದಾರಿಯ ಇಳಿಜಾರಿನಲ್ಲಿ ಹಂತಹಂತವಾಗಿ ಹಸಿರಾಡುವ ಗಜ್ಜರಿಯ ಪಾತಿಗಳನ್ನೂ ಒಂದು ಕ್ಷಣ ನಿಂತು ನೋಡಲಿ. ಅಲ್ಲಿ ಕೆಲಸ ಮಾಡುವವರನ್ನು ಕನ್ನಡದಲ್ಲೇ ಮಾತನಾಡಿಸಲಿ. ಬರುವ ಉತ್ತರದಲ್ಲಿ ನಮಗೆ ಪರಿಚಿತವಾದ ಮಾತುಗಳು ಅನೇಕ ಸಿಕ್ಕಾವು.