ಎರಡು ಸಂಕಟ, ಒಂದೇ ನೆನಪು

ಜರ್ಮನಿಗೆ ಬಂದ ಹೊಸದರಲ್ಲಿ ನನಗೆ ಅಚ್ಚರಿ ತಂದದ್ದು ಇಲ್ಲಿನವರಿಗೆ ಸಾಲವೆಂದರೆ ಇರುವ ಅಂಜಿಕೆ. (ಇವರ ಭಾಷೆಯಲ್ಲಿ ಸಾಲಕ್ಕೂ ತಪ್ಪಿಗೂ ಒಂದೇ ಪದ, ‘ಶುಲ್ಡ್’.) ಕಾರಣ ಕೇಳಿದರೆ 1923ರ ಕಥೆ ಹೇಳುತ್ತಾರೆ. ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್! ಸಂಬಳ ಕೈಗೆ ಬಂದ ಕೂಡಲೇ ಅಂಗಡಿಗೆ ಓಡಬೇಕಿತ್ತು. ಜೀವಮಾನವಿಡೀ ಕೂಡಿಟ್ಟವರ ಪಾಸ್‌ಬುಕ್ಕು ಬರೀ ಕಾಗದವಾಯಿತು. ಬರ ಕಂಡ ನಮ್ಮ ವಿಜಯಪುರದ ಕಡೆಯ ಮನೆತನಗಳು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದಂತೆ, ಇಂಥದ್ದನ್ನು ಕಂಡವರು ಹಣದ ವಿಷಯದಲ್ಲಿ ಬಿಗಿಯಾಗುವುದು ಸಹಜವೇ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ‘ಅದಕ್ಕೇ ಹಿಟ್ಲರ್ ಬಂದ’ ಎಂದು ಅದೇ ಉಸಿರಿನಲ್ಲಿ ಮುಗಿಸುತ್ತಾರೆ. ನಡುವಿನ ಒಂಬತ್ತು ವರ್ಷ ಎಲ್ಲಿ ಹೋಯಿತು? 1923ರ ಕೊನೆಗೇ ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂದು ಬೆಲೆಗಳು ಹತೋಟಿಗೆ ಬಂದಿದ್ದವು. 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 2.6 ಮತ, 1932ರ ಜುಲೈನಲ್ಲಿ ಶೇ. 37.3. ಆ ಹೊತ್ತಿಗೆ ಬೆಲೆಗಳು ಏರುತ್ತಿರಲಿಲ್ಲ, ಇಳಿಯುತ್ತಿದ್ದವು. ಸುಮಾರು 60 ಲಕ್ಷ ಜನರಿಗೆ ಕೆಲಸವಿರಲಿಲ್ಲ.

1930ರಿಂದ 1932ರ ಮೇವರೆಗೆ ಚಾನ್ಸೆಲರ್ ಆಗಿದ್ದವರು ಹೈನ್ರಿಶ್ ಬ್ರೂನಿಂಗ್. ತುರ್ತು ಆಜ್ಞೆಗಳ ಮೇಲೆ ಆಜ್ಞೆ ಹೊರಡಿಸಿ ಸಂಬಳ ಕತ್ತರಿಸಿದರು, ತೆರಿಗೆ ಏರಿಸಿದರು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಪೌಂಡನ್ನು ಚಿನ್ನದ ಕಟ್ಟಿನಿಂದ ಬಿಡಿಸಿ ಅದರ ಬೆಲೆ ಇಳಿಯಲು ಬಿಟ್ಟಿತು. ಜರ್ಮನಿ ಮಾರ್ಕನ್ನು ಮುಟ್ಟಲಿಲ್ಲ. ಯುದ್ಧ ಪರಿಹಾರ, ವಿದೇಶಿ ಸಾಲ, ಒಪ್ಪಂದಗಳ ತೊಡಕು ಎಲ್ಲ ಇದ್ದವು, ನಿಜ. ಆದರೂ ಮಾರ್ಕನ್ನು ಮುಟ್ಟಿದರೆ 1923 ಮರಳೀತು ಎಂಬ ಭಯ ಬೇರೆ ದಾರಿಗಳ ಮಾತೆತ್ತುವುದನ್ನೇ ಕಷ್ಟ ಮಾಡಿತ್ತು. ಇದನ್ನು ಸಂಯಮವೆನ್ನಲು ನನಗೆ ಮನಸ್ಸಿಲ್ಲ. ನಾವು ಮನಸ್ಸನ್ನು ಹಿಡಿದಿಟ್ಟುಕೊಳ್ಳುವುದು ಬೇರೆ, ಹಳೆಯ ಹೆದರಿಕೆ ನಮ್ಮನ್ನು ಹಿಡಿದಿಟ್ಟುಕೊಳ್ಳುವುದು ಬೇರೆ.

ಈ ಎರಡರಲ್ಲಿ 1923 ಮಾತ್ರ ಯಾಕೆ ಇಷ್ಟು ಗಟ್ಟಿಯಾಗಿ ಉಳಿಯಿತು? ಅದಕ್ಕೆ ಚಿತ್ರಗಳಿವೆ ಎಂಬುದು ನನ್ನ ಊಹೆ. ನೋಟಿನ ಕಟ್ಟುಗಳನ್ನು ಜೋಡಿಸಿ ಆಡುವ ಮಕ್ಕಳ ಫೋಟೋ ನೋಡಿದವರು ಮರೆಯುವುದಿಲ್ಲ. ಆ ನೋಟುಗಳು ಹಳೆ ಸಾಮಾನಿನ ಸಂತೆಯಲ್ಲಿ ಇಂದಿಗೂ ಸಿಗುತ್ತವೆ. ಇಳಿಯುವ ಬೆಲೆಯ ಫೋಟೋ ತೆಗೆಯುವುದು ಹೇಗೆ?

2009ರಲ್ಲಿ ಜರ್ಮನಿ ಸರ್ಕಾರದ ಸಾಲಕ್ಕೆ ಸಂವಿಧಾನದಲ್ಲೇ ಮಿತಿ ಹಾಕಿಕೊಂಡಿತು. ಮರುವರ್ಷ ಗ್ರೀಸ್ ಸಾಲದಲ್ಲಿ ಮುಳುಗಿದಾಗ ಇಲ್ಲಿಂದ ಹೋದ ಬುದ್ಧಿಮಾತು ಖರ್ಚು ಕಡಿತದ್ದೇ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1923ರ ಬೆಲೆಯೇರಿಕೆ ಮತ್ತು 1932ರ ನಿರುದ್ಯೋಗ ಒಂದೇ ಸಂಕಟವೆಂದು ಅನೇಕ ಜರ್ಮನ್ನರು ತಿಳಿದಿದ್ದಾರೆ.