ಬೀಡಿನ ಒಲೆ

ದಾವಣಗೆರೆಯ ವಿದ್ಯಾನಗರದಲ್ಲಿ ಯಾರದಾದರೂ ಮನೆಯ ಹಿತ್ತಿಲಲ್ಲಿ ಬೀಡು ಕಬ್ಬಿಣದ ಹಳೆಯ ಸೌದೆ ಒಲೆಯೊಂದು ತುಕ್ಕು ಹಿಡಿದು ಬಿದ್ದಿದ್ದರೆ, ಅದನ್ನು ಗುಜರಿಗೆ ಹಾಕುವ ಮುನ್ನ ಆ ಲೋಹದ ಚರಿತ್ರೆಯನ್ನು ನೆನೆಯುವುದು ಒಳ್ಳೆಯದು.

ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದುದರಿಂದ 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿದಾಗ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಮಲೆನಾಡಿನ ಮರದ ಇದ್ದಿಲು. 1941ರಲ್ಲಿ ನಮ್ಮ ನೆರೆಯ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ತಯಾರಿಸಿತು. ಲೇತಿನ ಪೀಠವೂ ಬೀಡೇ. ಒಲೆ ಎಲ್ಲಿಯದೇ ಆಗಿರಲಿ, ನಮ್ಮ ನಾಡಿನ ಬೀಡಿನ ಹಿಂದೆ ಕಾಡು ಉರಿದಿದೆಯೆಂಬುದನ್ನು ಮರೆಯಲಾಗದು.

ಬೀಡಿನಲ್ಲಿ ಇಂಗಾಲವು ನೂರಕ್ಕೆ 2ರಿಂದ 4ರಷ್ಟಿರುತ್ತದೆ. ಅದರಿಂದಲೇ ಅದು ಸುಲಭವಾಗಿ ಅಚ್ಚಿಗೆ ಇಳಿಯುತ್ತದೆ. ಅದರಿಂದಲೇ ಪೆಟ್ಟು ಬಿದ್ದರೆ ಬಾಗದೆ ಒಡೆಯುತ್ತದೆ. ಆದಕಾರಣ ತುಕ್ಕನ್ನು ಸುತ್ತಿಗೆಯಿಂದಲ್ಲ, ತಂತಿಯ ಬ್ರಷ್ಷಿನಿಂದ ತೆಗೆಯತಕ್ಕದ್ದು. ಬಿರುಕುಗಳನ್ನು ಹುಡುಕಿ ನೋಡಿ, ಸಂದುಗಳನ್ನು ಬೆಂಕಿಯನ್ನು ತಾಳುವ ಜೇಡಿಯಿಂದ ಮುಚ್ಚಿ, ಎಣ್ಣೆಯನ್ನು ತೆಳುವಾಗಿ ಸವರಿ, ಮೊದಲ ಉರಿಯನ್ನು ಬಯಲಿನಲ್ಲಿ ಸಣ್ಣಗೆ ಹಾಕಬೇಕು. ಕಾದ ಒಲೆಗೆ ತಣ್ಣೀರು ತಾಗಕೂಡದು.

ತುಕ್ಕು ಬಹುಮಟ್ಟಿಗೆ ಮೈಮೇಲಿನ ರೋಗ, ಬಿರುಕೇ ಪ್ರಾಣಾಂತಿಕವಾದುದು. ಕಾಡನ್ನು ಸುಟ್ಟು ಪಡೆದ ಲೋಹವನ್ನು ಬರಿಯ ತುಕ್ಕಿನ ನೆಪದಿಂದ ಎಸೆಯುವುದು ಗೃಹಸ್ಥನಿಗೂ ನಾಡಿಗೂ ನಷ್ಟ.